ನರ್ಸ್ ಆದರೆ ಕೊನೆವರೆಗೂ ಸೂಜಿ ಚುಚ್ಚೋದೇನಾ? ಸತ್ಯಾಂಶ

"ನರ್ಸಿಂಗ್ ಸೇರಿದರೆ ರಿಟೈರ್ ಆಗೋವರೆಗೂ ಸೂಜಿ, ಡ್ರಿಪ್ ಅಷ್ಟೇ, ಮುಂದೆ ದಾರಿಯಿಲ್ಲ" ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಸುಳ್ಳು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದವರಿಗೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದೆ, ಆಮೇಲೆ ಎಂಎಸ್ಸಿ, ಪಾಠ ಹೇಳುವ ಕೆಲಸ, ಪಿಎಚ್‌ಡಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ನರ್ಸಿಂಗ್ ಪಿಎಚ್‌ಡಿ ಮಾಡಬಹುದು.

ನರ್ಸ್‌ಗಳು ಏನು ಸಂಶೋಧನೆ ಮಾಡುತ್ತಾರೆ ಅಂತೀರಾ? ಹಾಸಿಗೆ ಹಿಡಿದ ರೋಗಿಗೆ ಬೆನ್ನುಹುಣ್ಣು ಆಗುವ ಅಪಾಯ ಎಷ್ಟು ಅಂತ ವಾರ್ಡಿನಲ್ಲಿ ಚರ್ಮದ ತೇವ, ಓಡಾಟ, ಊಟ ಹೀಗೆ 6 ವಿಷಯ ನೋಡಿ ಅಂಕ ಹಾಕುತ್ತಾರಲ್ಲ, ಅಂಕ ಕಡಿಮೆಯಾದಷ್ಟೂ ಅಪಾಯ ಜಾಸ್ತಿ, ಆ ಬ್ರೇಡನ್ ಸ್ಕೇಲ್ ರೂಪಿಸಿದ್ದೇ ಅಮೆರಿಕದ ಇಬ್ಬರು ನರ್ಸ್‌ಗಳು: ಬಾರ್ಬರಾ ಬ್ರೇಡನ್, ನ್ಯಾನ್ಸಿ ಬರ್ಗ್‌ಸ್ಟ್ರಾಮ್. ಡಾಕ್ಟರ್ ಹೇಳಿ ಮಾಡಿಸಿದ್ದಲ್ಲ. ಸಂಬಳ, ನೈಟ್ ಡ್ಯೂಟಿ ಬಗ್ಗೆ ಗೊಣಗಿದರೆ ಒಪ್ಪೋಣ, ಅದು ಬೇರೆ ಮಾತು. ಆದರೆ ಬಿಎಸ್ಸಿ ಮುಗಿಸಿದವರು ಎಂಎಸ್ಸಿಗೆ ಸೇರಲು ಕನಿಷ್ಠ 1 ವರ್ಷದ ಕೆಲಸದ ಅನುಭವ ಕೇಳುತ್ತಾರೆ, ಹಾಗಾಗಿ ಆ ವಾರ್ಡ್ ಡ್ಯೂಟಿಯೂ ಸುಮ್ನೆ ಹೋಗಲ್ಲ.