ವಿಡಿಯೊ ವಿಚಾರಣೆಯ ಹೊತ್ತಿಗೆ ನಿಮ್ಮ ಕೋಣೆಯಲ್ಲಿ ಯಾರಿರುತ್ತಾರೆ?

ಕೌಟುಂಬಿಕ ನ್ಯಾಯಾಲಯಕ್ಕೆ ವಿಡಿಯೊ ಮೂಲಕ ಹಾಜರಾಗಲಿರುವವರು ಸಾಮಾನ್ಯವಾಗಿ ವಿಚಾರಿಸುವುದು ಆ್ಯಪ್ ಮತ್ತು ನೆಟ್‌ವರ್ಕ್ ಬಗ್ಗೆ. ಆ ಹೊತ್ತಿಗೆ ಕೋಣೆಯಲ್ಲಿ ಜೊತೆಗೆ ಯಾರಿರುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 11ನೇ ಕಲಂ ಪ್ರಕಾರ, ಪ್ರಕರಣದ ಇಬ್ಬರು ಕಕ್ಷಿದಾರರಲ್ಲಿ ಒಬ್ಬರು ಕೋರಿದರೂ ವಿಚಾರಣೆ ಗೋಪ್ಯವಾಗಿ ನಡೆಯಬೇಕು. ನ್ಯಾಯಾಲಯದಲ್ಲಾದರೆ ಹೊರಗಿನವರನ್ನು ಕಳುಹಿಸಿ ಬಾಗಿಲು ಹಾಕಲು ಸಿಬ್ಬಂದಿ ಇರುತ್ತಾರೆ. ಮನೆಯಲ್ಲಿ ಆ ಕೆಲಸ ನಿಮ್ಮದೇ.

ನಮ್ಮ ಮನೆಗಳಲ್ಲಿ ಅದು ಸುಲಭವಲ್ಲ. ಮಗಳ ಪಕ್ಕದಲ್ಲಿ ತಾಯಿ ಕೂರುತ್ತಾರೆ, ಫೋನಿನ ಹಿಂದೆ ಅಣ್ಣ ನಿಲ್ಲುತ್ತಾನೆ, ಜೀವನಾಂಶದ ಮಾತು ಬಂದ ಕೂಡಲೇ ಬೆರಳೆತ್ತಿ ಮೊತ್ತ ತೋರಿಸುತ್ತಾನೆ. ಉತ್ತರಿಸುವವರ ಕಣ್ಣು ಪದೇ ಪದೇ ಪರದೆಯಾಚೆ ಹೋಗುವುದು ನ್ಯಾಯಾಧೀಶರ ಗಮನಕ್ಕೆ ಬಂದರೆ, ಅನಂತರ ಹೇಳಿದ ಸತ್ಯವೂ ಹೇಳಿಕೊಟ್ಟ ಮಾತಿನಂತೆ ಕೇಳಿಸುತ್ತದೆ. ಸುಪರ್ದಿಯ ವಾದ ನಡೆಯುವಾಗಲಂತೂ ಮಗು ಪಕ್ಕದ ಕೋಣೆಯಲ್ಲೂ ಇರಕೂಡದು. ಅಪ್ಪ ಅಮ್ಮನ ಮೇಲಿನ ಆರೋಪಗಳು ಆ ಕಿವಿಗೆ ಬಿದ್ದರೆ ಯಾವ ಆದೇಶದಿಂದಲೂ ಅದನ್ನು ಅಳಿಸಲಾಗದು.

ವಿಡಿಯೊ ಹಾಜರಾತಿಗೆ ಮೊದಲೇ ನ್ಯಾಯಾಲಯದ ಅನುಮತಿ ಬೇಕು. ರಾಜಿ ಯತ್ನ ವಿಫಲವಾದ ನಂತರ, ಇಬ್ಬರೂ ಒಪ್ಪಿದರೆ ಮಾತ್ರ ಇದಕ್ಕೆ ಅವಕಾಶವೆಂದು 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಬಹುಮತದಿಂದ ಹೇಳಿತ್ತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅದನ್ನು ಒಪ್ಪಲಿಲ್ಲ. ನನಗೂ ಅವರ ಭಿನ್ನಮತವೇ ಸರಿಯೆನಿಸುತ್ತದೆ, ಏಕೆಂದರೆ ಕೂಸನ್ನು ಕಟ್ಟಿಕೊಂಡು ಕಲಬುರಗಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ ಮಾಡಬೇಕಾದ ಹೆಣ್ಣುಮಗಳಿಗೆ ಈ ಸೌಲಭ್ಯ ಉಪಕಾರವಲ್ಲ, ಅಗತ್ಯ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಕರ್ನಾಟಕ ಹೈಕೋರ್ಟ್ ಇದಕ್ಕೆಂದೇ ನಿಯಮಗಳನ್ನು ರೂಪಿಸಿತು. ವಿದೇಶದಲ್ಲಿರುವವರು ಸಾಕ್ಷ್ಯ ನುಡಿಯುವಾಗ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಯ ನೆರವು ಬೇಕಾಗಬಹುದಾದ್ದರಿಂದ, ಆ ವ್ಯವಸ್ಥೆಯನ್ನು ವಕೀಲರ ಮೂಲಕ ಮುಂಚೆಯೇ ಮಾಡಿಕೊಳ್ಳಬೇಕು. ಅನುಮತಿಯಿಲ್ಲದೆ ರೆಕಾರ್ಡ್ ಮಾಡುವುದು ನಿಷಿದ್ಧ. ಮನೆಯವರಿಗೆ ಕೇಳಿಸಬೇಕೆಂಬ ಆಸೆಯಿಂದಲೂ ಮಾಡಬೇಡಿ.

ವಕೀಲರು ಬೇರೆಡೆಯಿಂದ ಹಾಜರಾಗುತ್ತಿದ್ದರೆ, ಅವರೊಂದಿಗೆ ಮಾತನಾಡಲು ಇನ್ನೊಂದು ಫೋನ್ ಇಟ್ಟುಕೊಳ್ಳಿ, ಆದರೆ ಸಾಕ್ಷ್ಯ ನುಡಿಯುವಾಗ ಅದನ್ನು ಮುಟ್ಟಬೇಡಿ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಷರತ್ತುಗಳನ್ನು ಓದುವಾಗ ದನಿ ತುಂಡಾದರೆ ಸಂಕೋಚದಿಂದ ತಲೆಯಾಡಿಸಬೇಡಿ. "ಸ್ವಾಮಿ, ಹಣದ ವಿಷಯ ಸರಿಯಾಗಿ ಕೇಳಿಸಲಿಲ್ಲ, ದಯವಿಟ್ಟು ಇನ್ನೊಮ್ಮೆ ಓದಿಸಿ" ಎಂದು ಅಲ್ಲೇ ಹೇಳಿ. ಇಂಗ್ಲಿಷ್ ಅರ್ಥವಾಗದಿದ್ದರೆ ಕನ್ನಡದಲ್ಲಿ ಹೇಳುವಂತೆ ಕೇಳಿ. ನಂತರ ಅಂದಿನ ಆರ್ಡರ್ ಶೀಟ್ (ಆ ದಿನದ ಕಲಾಪದ ದಾಖಲೆ) ತರಿಸಿ ಓದಿ, ನೀವು ಹೇಳದ ಮಾತು ಅದರಲ್ಲಿದ್ದರೆ ಮುಂದಿನ ದಿನಾಂಕದವರೆಗೆ ಕಾಯದೆ ವಕೀಲರಿಗೆ ತಿಳಿಸಿ.