ಫ್ಯಾನಿಗೆ ಸುತ್ತುವ ಹರಕು ಬಲೆ

ಗಂಡ-ಹೆಂಡತಿ ಇಬ್ಬರೇ ಸ್ವಂತ ಬೋಟಿನಲ್ಲಿ ಕಾರವಾರದಿಂದ ದಡ ಹಿಡಿದು ಭಟ್ಕಳದತ್ತ ಹೊರಟರೆ, ಗಾಳಿ ಅಲೆಗಿಂತ ಹೆಚ್ಚು ಗೋಳು ಹೊಯ್ದುಕೊಳ್ಳುವುದು ಸಮುದ್ರಕ್ಕೆ ಎಸೆದ ಹರಕು ಬಲೆ, ಮಾರಾಯ್ರೆ! ನೈಲಾನ್ ಕೊಳೆಯುವುದಿಲ್ಲ, ನೀರಿನಲ್ಲಿ ಕಾಣುವುದೂ ಇಲ್ಲ. ಕಣ್ಣಿಗೆ ಬೀಳುವಷ್ಟರಲ್ಲಿ ಫ್ಯಾನಿಗೆ, ಅಂದರೆ ನೀರಿನಡಿ ತಿರುಗಿ ಬೋಟನ್ನು ಮುಂದೆ ತಳ್ಳುವ ರೆಕ್ಕೆಗೆ, ಸುತ್ತಿರುತ್ತದೆ.

ಎಂಜಿನ್ ಸದ್ದು ಭಾರವಾಗುತ್ತದೆ, ಹಿಂಬದಿ ಗಡಗಡ ನಡುಗುತ್ತದೆ, ಹೊಗೆ ಕಪ್ಪಾಗುತ್ತದೆ. ‘ರಿವರ್ಸ್ ಹಾಕಿ, ಬಿಟ್ಟುಹೋಗ್ತದೆ’ ಎನ್ನುವ ಪಂಡಿತರು ಬಂದರಿಗೊಬ್ಬರು ಸಿಗುತ್ತಾರೆ. ಹಾಗೆ ಮಾಡಿದರೆ ಬಲೆ ಇನ್ನಷ್ಟು ಬಿಗಿದು, ಉಜ್ಜಾಟದ ಬಿಸಿಗೆ ಕರಗಿ, ಫ್ಯಾನ್ ತಿರುಗಿಸುವ ಶಾಫ್ಟಿನ ಮೇಲೆ ಕಲ್ಲಿನಂಥ ಉಂಡೆಯಾಗುತ್ತದೆ. ಆಮೇಲೆ ಶಾಫ್ಟಿಗೆ ಆಸರೆಯಾದ ರಬ್ಬರ್ ಬೇರಿಂಗ್, ಅಲ್ಲಿಂದ ನೀರು ಒಳಬರದಂತೆ ತಡೆಯುವ ಸೀಲ್ ಎರಡಕ್ಕೂ ಕುತ್ತು.

ಮೊದಲು ನ್ಯೂಟ್ರಲ್, ಎಂಜಿನ್ ಬಂದ್, ಲಂಗರು. ಕೀಲಿ ತೆಗೆದ ಮೇಲೆಯೇ ಒಬ್ಬರು ನೀರಿಗಿಳಿಯಬೇಕು. ಇನ್ನೊಬ್ಬರ ಕಣ್ಣು ಅವರ ಮೇಲೆಯೇ ಇರಬೇಕು. ನುಣುಪು ಅಲಗಿನ ಚಾಕು ಕರಗಿದ ನೈಲಾನ್ ಮೇಲೆ ಜಾರುತ್ತದೆ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಬೇಕು, ಅದನ್ನು ದಾರದಿಂದ ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು. ಸುತ್ತಿದ ದಿಕ್ಕಿಗೆ ಎದುರಾಗಿ ಬಿಚ್ಚುತ್ತಾ, ಶಾಫ್ಟಿನ ಉದ್ದಕ್ಕೆ ಗೀರಿ ಕೊಯ್ಯಬೇಕು. ತದಡಿಯಲ್ಲೋ ಹೊನ್ನಾವರದಲ್ಲೋ ಅಳಿವೆ ಬಾಯಲ್ಲಿ ಇಳಿತದ ಸೆಳೆತ ಇರುವಾಗ ಇಳಿಯಲೇಬಾರದು. ಅಲ್ಲಿ ಮೀನುಗಾರರ ಬೋಟಿನಿಂದ ಎಳೆಸಿಕೊಳ್ಳುವುದೇ ಲೇಸು.

ಬಲೆ ತಪ್ಪಿತು ಅಂದರೆ ಪ್ಲಾಸ್ಟಿಕ್ ಚೀಲ! ಎಂಜಿನ್ ತಂಪಿಗೆ ನೀರೆಳೆಯುವ ತೂತಿಗೇ ಬಂದು ಅಂಟುತ್ತದೆ. ಹೊಗೆ ಕೊಳವೆಯಿಂದ ಆ ನೀರು ಹೊರಬರುವುದು ನಿಂತಿದ್ದನ್ನು ಗಮನಿಸದಿದ್ದರೆ ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ, ಇಂಪೆಲ್ಲರ್, ನಿಮಿಷಗಳಲ್ಲೇ ಹರಿದು ಚೂರು. ಎಸೆದವರು ದಡದಲ್ಲಿ ಆರಾಮಾಗಿರುತ್ತಾರೆ, ಬಿಡಿ.