ಸ್ಪಷ್ಟನೆ: ಸಿಲಿಂಡರ್ ಬದಲಾದರೆ ಬೆಲ್ಟಿನ ಸೀಸವೂ ಬದಲಾಗಬೇಕು

ಬಳ್ಳಾರಿ, ಕೊಪ್ಪಳದಿಂದ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜುವುದು) ಮಾಡಲು ಹೊರಟವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಅಲ್ಯೂಮಿನಿಯಂ, ಸ್ಟೀಲ್ ಸಿಲಿಂಡರ್ ಎರಡನ್ನೂ ತಕ್ಕಡಿಗೆ ಹಾಕಿ. ತೂಕ ಒಂದೇ ಇದ್ದರೆ ಬೆಲ್ಟಿನ ಸೀಸ ಮುಟ್ಟಬೇಡಿ." ಇದು ತಪ್ಪು. (ಬೆಲ್ಟಿನ ಸೀಸ ಎಂದರೆ ಮುಳುಗಲು ಸೊಂಟಕ್ಕೆ ಕಟ್ಟಿಕೊಳ್ಳುವ ತೂಕ.) ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.

11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಿದ್ದಾಗ ಸುಮಾರು 14 ಕೆ.ಜಿ. ತೂಗುತ್ತದೆ. 12 ಲೀಟರಿನ ಎಷ್ಟೋ ಸ್ಟೀಲ್ ಸಿಲಿಂಡರುಗಳೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅಲ್ಯೂಮಿನಿಯಂ ಗೋಡೆ ದಪ್ಪ, ಹೊರಗಾತ್ರ ದೊಡ್ಡದು, ಹಾಗಾಗಿ ನೀರು ಅದನ್ನು ಜಾಸ್ತಿ ಎತ್ತುತ್ತದೆ. 200 ಬಾರ್ (ಗಾಳಿಯ ಒತ್ತಡದ ಅಳತೆ) ತುಂಬಿದಾಗ ಮುಳುಗುವ ಅದೇ ಸಿಲಿಂಡರ್, ಒಳಗಿನ ಸುಮಾರು 2.7 ಕೆ.ಜಿ. ಗಾಳಿ ಖರ್ಚಾದ ಮೇಲೆ 2 ಕೆ.ಜಿ.ಯಷ್ಟು ಮೇಲಕ್ಕೆ ಎಳೆಯುತ್ತದೆ. ಸ್ಟೀಲ್ ಸಾಮಾನ್ಯವಾಗಿ ಖಾಲಿಯಾದರೂ ಮುಳುಗಿಯೇ ಇರುತ್ತದೆ.

ತಯಾರಕರ ಪಟ್ಟಿಯಲ್ಲಿ ಎರಡಕ್ಕೂ 'ಖಾಲಿ' ಅಂಕಿ ನೋಡಿ: ಖಾಲಿ ಸಿಲಿಂಡರ್ ನೀರಿನಲ್ಲಿ ಎಷ್ಟು ಕೆ.ಜಿ. ಮೇಲಕ್ಕೆ (+) ಅಥವಾ ಕೆಳಕ್ಕೆ (−) ಎಳೆಯುತ್ತದೆ ಎಂಬುದು. ಅಲ್ಯೂಮಿನಿಯಂಗೆ +2, ಸ್ಟೀಲಿಗೆ −1 ಎಂದಿದ್ದರೆ, ಸ್ಟೀಲ್ ಹಾಕಿಕೊಂಡಾಗ 3 ಕೆ.ಜಿ. ತೆಗೆಯಿರಿ, ಅಲ್ಯೂಮಿನಿಯಂಗೆ ಮರಳಿದಾಗ 3 ಸೇರಿಸಿ. ಸೇರಿಸಲು ಮರೆತರೆ ತುಂಬಿದ ಸಿಲಿಂಡರಿನಲ್ಲಿ ಇಳಿಯುವಾಗ ಗೊತ್ತಾಗದೆ ಹೋಗಬಹುದು. ಕೊನೆಗೆ, ಮೇಲೆ ಬರುವ ಮುನ್ನ ಸುರಕ್ಷತೆಗಾಗಿ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಲಾಗದೆ ಮೇಲೇಳುತ್ತೀರಿ.

ಲೆಕ್ಕ ಹಾಕಿದ ಮೇಲೂ ನೀರಿನಲ್ಲಿ ಪರೀಕ್ಷಿಸಿ. 35-50 ಬಾರ್ ಉಳಿದಾಗ ಬಿಸಿಡಿಯ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್) ಗಾಳಿ ಪೂರ್ತಿ ಬಿಟ್ಟು, ನೀರಿನ ಮೇಲ್ಮೈಯಲ್ಲಿ ಸಾಧಾರಣ ಉಸಿರು ಹಿಡಿದು ಅಲುಗಾಡದೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕಿರಬೇಕು, ಉಸಿರು ಬಿಟ್ಟರೆ ನಿಧಾನ ಮುಳುಗಬೇಕು. ಊರಿನ ಈಜುಕೊಳದಲ್ಲಿ ನೋಡಿದ್ದರೆ ಅದು ಸಿಹಿನೀರು. ಸಮುದ್ರಕ್ಕೆ, ನಿಮ್ಮದೂ ಸಲಕರಣೆಯದೂ ಸೇರಿ 100 ಕೆ.ಜಿ. ತೂಕಕ್ಕೆ ಸುಮಾರು 2.5 ಕೆ.ಜಿ. ಸೀಸ ಹೆಚ್ಚು ಬೇಕು.